ಬಿಸಿಲು ಪ್ರದೇಶದಲ್ಲಿ ಕೈತೋಟದ ಮಡಿಗಳು: ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ನಾಗರಿಕರಿಗೆ ಮಾಹಿತಿ

ಪೀಠಿಕೆ

ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಪ್ರದೇಶಗಳು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿವೆ. ಇಲ್ಲಿ ಮಾರ್ಚ್ ತಿಂಗಳಿನಿಂದಲೇ ಬಿಸಿಲು ಏರತೊಡಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ವಾರ್ಷಿಕ ಮಳೆಯ ಪ್ರಮಾಣ 500 ಮಿ.ಮೀ. ಆಸುಪಾಸಿನಲ್ಲಿದ್ದು, ಅದರ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಇಂತಹ ಹವಾಗುಣದಲ್ಲಿಯೂ ಮನೆಯ ಹಿತ್ತಲಿನಲ್ಲಿ ವರ್ಷವಿಡೀ ಸೊಪ್ಪು, ತರಕಾರಿ ಬೆಳೆದುಕೊಳ್ಳಲು ಸಾಧ್ಯವಿದೆ.

ಆದರೆ ಮಳೆಗಾಲದಲ್ಲಿ ಉತ್ಸಾಹದಿಂದ ಆರಂಭಿಸಿದ ಕೈತೋಟವನ್ನು ಮೊದಲ ಬೇಸಿಗೆಯಲ್ಲಿಯೇ ಕೈಬಿಡುವ ಪ್ರಸಂಗಗಳು ಕಡಿಮೆಯಿಲ್ಲ. ಗಿಡ ಬಾಡಿದಾಗ ನೀರು ಸಾಲಲಿಲ್ಲವೆಂದು ಭಾವಿಸಿ ಇನ್ನಷ್ಟು ನೀರು ಹಾಯಿಸುವುದು ವಾಡಿಕೆ. ವಾಸ್ತವವಾಗಿ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಮಡಿಯ ರಚನೆಯಲ್ಲಿ. ಕೆಂಪು ಮಣ್ಣಿಗೆ ಹೊಂದುವ ಮಡಿ ಎರೆ ಮಣ್ಣಿಗೆ ಹೊಂದುವುದಿಲ್ಲ. ಆದ್ದರಿಂದ ಬೀಜ, ಗೊಬ್ಬರಗಳನ್ನು ಖರೀದಿಸುವ ಮುನ್ನ ತಮ್ಮ ಹಿತ್ತಲಿನ ಮಣ್ಣನ್ನು ಅರಿತು, ಅದಕ್ಕೆ ತಕ್ಕಂತೆ ಮಡಿ ರಚಿಸಿಕೊಳ್ಳುವುದು ಕೈತೋಟದ ಮೊದಲ ಹೆಜ್ಜೆಯಾಗಿದೆ.

ಮಣ್ಣನ್ನು ಗುರುತಿಸುವ ವಿಧಾನ

ಹಿಡಿ ಮಣ್ಣನ್ನು ನೀರಿನಲ್ಲಿ ಕಲಸಿ ಅಂಗೈಯಲ್ಲಿ ಹೊಸೆದು ನೋಡಬೇಕು. ಉದ್ದನೆಯ ಎಳೆಯಾಗಿ ಮುರಿಯದೆ ಬಾಗಿದರೆ ಅದು ಜಿಗುಟು ಎರೆ ಮಣ್ಣು. ಹೊಸೆಯುವಾಗಲೇ ಪುಡಿಯಾದರೆ ಮರಳು ಅಥವಾ ಗರಸು ಮಿಶ್ರಿತ ಮಣ್ಣು.

ನಂತರ ಒಂದು ಅಡಿ ಆಳದ ಗುಣಿ ತೋಡಿ, ನೀರು ತುಂಬಿಸಿ ಇಂಗಲು ಬಿಡಬೇಕು. ಸಂಜೆ ಎರಡನೆಯ ಬಾರಿ ತುಂಬಿಸಿದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಆ ಸ್ಥಳದಲ್ಲಿ ನೀರು ಬಸಿಯುವುದಿಲ್ಲವೆಂದು ತಿಳಿಯಬೇಕು. ಸಿರುಗುಪ್ಪದ ಕಾಲುವೆ ನೀರಾವರಿ ಪ್ರದೇಶದ ಎರೆ ಭೂಮಿಯಲ್ಲಿ ಈ ಸ್ಥಿತಿ ಕಂಡುಬರುತ್ತದೆ. ಕುರುಗೋಡಿನ ಬೆಟ್ಟದ ಬುಡದ ಗರಸು ಮಣ್ಣಿನಲ್ಲಿ ನೀರು ಬೇಗನೆ ಇಂಗಿಹೋಗುತ್ತದೆ. ಬಳ್ಳಾರಿ ನಗರದ ಬಡಾವಣೆಗಳಲ್ಲಿ ಮನೆ ಕಟ್ಟುವಾಗ ತುಂಬಿದ ಮಣ್ಣು, ಸಿಮೆಂಟು ಮತ್ತು ಇಟ್ಟಿಗೆ ಚೂರುಗಳು ಸೇರಿಕೊಂಡಿರುವುದರಿಂದ ಅಂಗಳದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ವ್ಯತ್ಯಾಸವಿರುತ್ತದೆ. ಆದಕಾರಣ ಮಡಿ ಮಾಡುವ ಸ್ಥಳದಲ್ಲಿಯೇ ಈ ಪರೀಕ್ಷೆ ನಡೆಸುವುದು ಸೂಕ್ತ.

ಮಣ್ಣಿಗೆ ತಕ್ಕ ಮಡಿ

ಮಡಿಯ ಅಗಲ 4 ಅಡಿ ಮೀರಬಾರದು. ಹೀಗಿದ್ದಲ್ಲಿ ಎರಡೂ ಬದಿಯಿಂದ ಕೈ ತಲುಪುತ್ತದೆ ಮತ್ತು ಮಡಿಯನ್ನು ತುಳಿಯುವ ಅವಶ್ಯಕತೆ ಬರುವುದಿಲ್ಲ. ಉದ್ದ 10 ಅಡಿ, ಮಡಿಗಳ ನಡುವೆ ಒಂದೂವರೆ ಅಡಿ ಕಾಲುದಾರಿ ಇರಲಿ. ಬಿಸಿಲಿಗೆ ಕಾದ ಗೋಡೆಯು ರಾತ್ರಿಯೂ ಶಾಖ ಹೊರಸೂಸುವುದರಿಂದ ಕಾಂಪೌಂಡು ಗೋಡೆಯಿಂದ ಕನಿಷ್ಠ 2 ಅಡಿ ಬಿಟ್ಟು ಮಡಿ ಮಾಡುವುದು.

1. ಕೆಂಪು ಹಾಗೂ ಗರಸು ಮಣ್ಣು: ಇಲ್ಲಿ ತಗ್ಗು ಮಡಿ ಸೂಕ್ತ. ನೆಲಮಟ್ಟಕ್ಕಿಂತ 4ರಿಂದ 6 ಅಂಗುಲ ತಗ್ಗಿಸಿ, ಸುತ್ತಲೂ ಬದು ಕಟ್ಟಬೇಕು. ಹಾಕಿದ ನೀರು ಮತ್ತು ಬಿದ್ದ ಮಳೆ ಹೊರಹರಿಯದೆ ಮಡಿಯಲ್ಲಿಯೇ ಇಂಗುತ್ತವೆ. ಬಿಸಿಗಾಳಿಯಿಂದ ಸಸಿಗಳಿಗೆ ಸ್ವಲ್ಪ ಮರೆಯೂ ದೊರೆಯುತ್ತದೆ.

2. ಎರೆ ಮಣ್ಣು: ಇಲ್ಲಿ ನೆಲಮಟ್ಟಕ್ಕಿಂತ 6ರಿಂದ 9 ಅಂಗುಲ ಎತ್ತರದ ಏರು ಮಡಿ ಮಾಡಿ, ಕಾಲುದಾರಿಯನ್ನೇ ಬಸಿಗಾಲುವೆಯಾಗಿ ಇಳಿಜಾರಿಗೆ ತಿರುಗಿಸಬೇಕು. ತಗ್ಗು ಮಡಿ ಮಾಡಿದರೆ ಸೆಪ್ಟೆಂಬರ್ ಮಳೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

3. ನಗರದ ತುಂಬಿದ ಮಣ್ಣು: ಒಂದು ಅಡಿ ಆಳದವರೆಗೆ ಅಗೆದು ಕಲ್ಲು, ಸಿಮೆಂಟು ಚೂರುಗಳನ್ನು ಆರಿಸಿ ತೆಗೆದು, ಉತ್ತಮ ಮೇಲ್ಮಣ್ಣು ಮತ್ತು ಗೊಬ್ಬರ ತುಂಬಬೇಕು. ಬಳಿಕ ನೀರು ಇಂಗುವ ರೀತಿಯನ್ನು ನೋಡಿ ತಗ್ಗು ಅಥವಾ ಏರು ಮಡಿಯನ್ನು ನಿರ್ಧರಿಸುವುದು.

ಮೂರೂ ಬಗೆಯಲ್ಲಿ 4 ಅಡಿಗೆ 10 ಅಡಿಯ ಒಂದು ಮಡಿಗೆ ಸುಮಾರು 15 ಕಿ.ಗ್ರಾಂ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಹಸಿ ಗೊಬ್ಬರವು ಗೆದ್ದಲನ್ನು ಆಕರ್ಷಿಸುವುದರಿಂದ ಬಳಸಬಾರದು.

ಸವಳಿನ ಲಕ್ಷಣ ಕಂಡುಬಂದಲ್ಲಿ

ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುವುದು, ನೀರಿದ್ದರೂ ಎಲೆಯ ಅಂಚು ಸುಟ್ಟಂತೆ ಒಣಗುವುದು ಸವಳಿನ ಲಕ್ಷಣಗಳು. ನೀರಿನಲ್ಲಿ ಕರಗಿದ ಲವಣಾಂಶವು ಬಿಸಿಲಿಗೆ ನೀರು ಆವಿಯಾದ ಮೇಲೆ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದರಿಂದ ಈ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಏರು ಮಡಿ ಮಾಡಿ, ಮೇಲಿನಿಂದ ಧಾರಾಳವಾಗಿ ನೀರು ಕೊಟ್ಟು, ಲವಣವು ಬಸಿಗಾಲುವೆಯ ಮೂಲಕ ಹೊರಹೋಗುವಂತೆ ಮಾಡಬೇಕು. ಬಸಿಯಲು ದಾರಿಯಿಲ್ಲದೆ ನೀರು ಹೆಚ್ಚಿಸಿದರೆ ಮಡಿ ಸಂಪೂರ್ಣ ಕೆಡುತ್ತದೆ. ಜಿಪ್ಸಂ ಬಳಕೆಯನ್ನು ಮಣ್ಣು ಪರೀಕ್ಷೆಯ ವರದಿಯ ನಂತರವೇ ಕೈಗೊಳ್ಳತಕ್ಕದ್ದು.

ಇಂತಹ ಸ್ಥಳದಲ್ಲಿ ಬೀನ್ಸ್, ಗಜ್ಜರಿ ಮತ್ತು ಈರುಳ್ಳಿ ಬೇಗನೆ ಸೋಲುತ್ತವೆ. ಚವಳಿಕಾಯಿ, ಪಾಲಕ್ ಮತ್ತು ಬೀಟ್‌ರೂಟ್ ಹೆಚ್ಚು ತಾಳಿಕೊಳ್ಳುತ್ತವೆ. ಬಟ್ಟೆ ಒಗೆದ ಸಾಬೂನು ನೀರಿನ ಸೋಡಿಯಂ ಅಂಶವು ಎರೆ ಮಣ್ಣನ್ನು ಮತ್ತಷ್ಟು ಬಿಗಿಗೊಳಿಸುವುದರಿಂದ ಅದನ್ನು ಮಡಿಗಳಿಗೆ ಬಿಡಬಾರದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಳಸಬಹುದು.

ಬಿತ್ತನೆಯ ಕಾಲ

ಜೂನ್–ಜುಲೈ: ಬೆಂಡೆ, ಚವಳಿಕಾಯಿ, ಅಲಸಂದೆ, ಹೀರೆ, ಹಾಗಲ, ಬದನೆ ಮತ್ತು ಪುಂಡಿ. ಬೆಂಡೆಯಲ್ಲಿ ಹಳದಿ ನಂಜು ರೋಗ ನಿರೋಧಕ ತಳಿಯಾದ ಅರ್ಕಾ ಅನಾಮಿಕ ಸೂಕ್ತ. ನುಗ್ಗೆ, ಕರಿಬೇವು ಮತ್ತು ನಿಂಬೆ ಸಸಿಗಳನ್ನು ನೆಡಲು ಸಹ ಇದೇ ಸರಿಯಾದ ಕಾಲ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್: ಹಸ್ತ, ಚಿತ್ತ ಮಳೆಗಳ ಹದದಲ್ಲಿ ಟೊಮೆಟೊ, ಮೂಲಂಗಿ, ಮೆಂತ್ಯ, ಕೊತ್ತಂಬರಿ, ಪಾಲಕ್ ಮತ್ತು ಗಜ್ಜರಿ. ಹಗಲಿನ ತಾಪಮಾನ 35 ಡಿಗ್ರಿ ದಾಟಿದರೆ ಟೊಮೆಟೊ ಹೂವು ಉದುರಿ ಕಾಯಿ ಕಚ್ಚುವುದು ಕಡಿಮೆಯಾಗುವುದರಿಂದ, ಬೇಸಿಗೆಗೆ ಮುನ್ನ ಫಸಲು ಕೈಸೇರುವಂತೆ ನಾಟಿ ಮಾಡಬೇಕು.

ಫೆಬ್ರವರಿ–ಮೇ: ಚವಳಿಕಾಯಿ, ಬೆಂಡೆ, ಅಲಸಂದೆ, ದಂಟು ಮತ್ತು ರಾಜಗಿರಿ. ಹಲವು ಬಾರಿ ಕೊಯ್ಯಬಹುದಾದ ಅರ್ಕಾ ಸುಗುಣ ದಂಟಿನ ತಳಿಯು ಸಣ್ಣ ಮಡಿಗೆ ಅನುಕೂಲಕರ.

ನೀರಿನ ಲೆಕ್ಕ

ಬೇಸಿಗೆಯಲ್ಲಿ ಗಿಡ ತುಂಬಿದ ಮಡಿಯ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 6ರಿಂದ 8 ಲೀಟರ್ ನೀರು ಬೇಕಾಗುತ್ತದೆ. 4 ಅಡಿಗೆ 10 ಅಡಿಯ ಮಡಿಯು ಸುಮಾರು 3.7 ಚದರ ಮೀಟರ್ ಆಗುವುದರಿಂದ 22ರಿಂದ 30 ಲೀಟರ್, ಅಂದರೆ 15 ಲೀಟರಿನ ಎರಡು ಕೊಡ ನೀರು ಅಗತ್ಯ. ಐದು ಮಡಿಗಳಿಗೆ ಹತ್ತು ಕೊಡ. ನಳದ ನೀರು ದಿನಬಿಟ್ಟು ದಿನ ಬರುವ ಮನೆಗಳಿಗೆ ಇದು ಸಣ್ಣ ಹೊರೆಯಲ್ಲ. ಆದ್ದರಿಂದ ಮಳೆಗಾಲದಲ್ಲಿ ಐದು ಮಡಿ ಬೆಳೆಸಿದವರು ಏಪ್ರಿಲ್ ವೇಳೆಗೆ ಎರಡಕ್ಕೆ ಇಳಿಸಿ, ಉಳಿದವನ್ನು ಒಣ ಹುಲ್ಲಿನಿಂದ ಮುಚ್ಚಿ ವಿಶ್ರಾಂತಿಗೆ ಬಿಡುವುದು ಸೂಕ್ತ. ಐದನ್ನೂ ಅರೆನೀರಿನಲ್ಲಿ ಬಾಡಿಸುವುದಕ್ಕಿಂತ ಎರಡು ಮಡಿಗಳನ್ನು ಪೂರ್ಣ ನೀರಿನಲ್ಲಿ ಉಳಿಸಿಕೊಳ್ಳುವುದು ಲಾಭಕರ.

ನೀರನ್ನು ಬೆಳಿಗ್ಗೆ ಬಿಸಿಲೇರುವ ಮುನ್ನ ಬುಡಕ್ಕೆ ಕೊಡಬೇಕು. ಮಧ್ಯಾಹ್ನ ಬಾಡಿದಂತೆ ಕಂಡ ಎಲೆಗಳು ಸಂಜೆ ಚೇತರಿಸಿಕೊಂಡರೆ ಅದು ನೀರಿನ ಕೊರತೆಯಲ್ಲ. ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ಇಳಿಸಿ, ತೇವವಿಲ್ಲದಿದ್ದರೆ ಮಾತ್ರ ನೀರು ಕೊಡುವುದು. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1000 ಲೀಟರ್ ನೀರಾಗುತ್ತದೆ. ಸೋರಿಕೆ ಕಳೆದರೂ ಬಹುಪಾಲನ್ನು ಸಂಗ್ರಹಿಸಬಹುದು. ಸೊಳ್ಳೆ ಉತ್ಪತ್ತಿಯಾಗದಂತೆ ತೊಟ್ಟಿ, ಪೀಪಾಯಿಗಳನ್ನು ಮುಚ್ಚಿಡತಕ್ಕದ್ದು.

ಹೊದಿಕೆ ಮತ್ತು ನೆರಳು

ಭತ್ತದ ಹುಲ್ಲು, ಶೇಂಗಾ ಹೊಟ್ಟು ಅಥವಾ ಒಣ ಎಲೆಗಳನ್ನು 2ರಿಂದ 3 ಅಂಗುಲ ದಪ್ಪ ಹರಡಿದರೆ ಮಣ್ಣು ಕಾಯುವುದು, ತೇವ ಆರುವುದು ಮತ್ತು ಸವಳು ಮೇಲೇರುವುದು ಮೂರೂ ಕಡಿಮೆಯಾಗುತ್ತವೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಅಂತರ ಬಿಡಬೇಕು. ಪಶ್ಚಿಮದ ಬಿಸಿಲು ಹೆಚ್ಚು ಹಾನಿಕರವಾದ್ದರಿಂದ ಆ ಬದಿಯಲ್ಲಿ ನುಗ್ಗೆ ಗಿಡ ಅಥವಾ ಹೀರೆ ಬಳ್ಳಿಯ ಚಪ್ಪರ ಇರಲಿ. ಎಳೆಯ ಸಸಿಗಳಿಗೆ ಜೋಳದ ದಂಟಿನ ಚಪ್ಪರ ಅಥವಾ ಶೇಕಡಾ 50ರ ನೆರಳು ಪರದೆ ಸಾಕಾಗುತ್ತದೆ. ಮಾಳಿಗೆಯ ಮೇಲೆ ಬೆಳೆಯುವವರು ಕಪ್ಪು ಚೀಲಗಳ ಬದಲು ತಿಳಿ ಬಣ್ಣದ ಚೀಲಗಳನ್ನು ಇಟ್ಟಿಗೆಯ ಮೇಲಿರಿಸುವುದು.

ಕೀಟ ನಿರ್ವಹಣೆ: ವಿಶೇಷ ಎಚ್ಚರಿಕೆ

ಹತ್ತಿ ಮತ್ತು ಮೆಣಸಿನಕಾಯಿ ಹೊಲಗಳಿಗೆ ತಂದು ಉಳಿದ ಕೀಟನಾಶಕವನ್ನು ಯಾವುದೇ ಕಾರಣಕ್ಕೂ ಕೈತೋಟಕ್ಕೆ ಸಿಂಪಡಿಸಬಾರದು. ಕೈತೋಟದ ಸೊಪ್ಪು ಅದೇ ದಿನ ಅಡುಗೆಮನೆ ಸೇರುತ್ತದೆ. ತರಕಾರಿಗಳ ಮೇಲೆ ಮೊನೊಕ್ರೊಟೊಫಾಸ್ ಬಳಕೆಯನ್ನು 2005ರಲ್ಲಿಯೇ ನಿಷೇಧಿಸಲಾಗಿದೆ. ಹೇನು, ಬಿಳಿನೊಣ ಮತ್ತು ಎಳೆಯ ಹುಳುಗಳ ಹತೋಟಿಗೆ ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಸಿಂಪಡಿಸುವುದು. ಕೊಯ್ದ ಸೊಪ್ಪನ್ನು ಚೆನ್ನಾಗಿ ತೊಳೆದು ಬಳಸುವುದು.

ಸೇವೆಗಳನ್ನು ಪಡೆಯುವ ವಿಧಾನ

ಮಣ್ಣು ಪರೀಕ್ಷೆ: ಹಿತ್ತಲಿನ ನಾಲ್ಕೈದು ಕಡೆ ‘ವಿ’ ಆಕಾರದಲ್ಲಿ 6 ಅಂಗುಲ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿ.ಗ್ರಾಂ. ಮಾದರಿಯನ್ನು ಶುಭ್ರ ಬಟ್ಟೆ ಚೀಲದಲ್ಲಿ ತುಂಬಬೇಕು. ಗೊಬ್ಬರದ ಗುಂಡಿ ಹಾಗೂ ಬಚ್ಚಲು ನೀರು ಹರಿಯುವ ಸ್ಥಳದಿಂದ ಮಾದರಿ ತೆಗೆಯಬಾರದು. ಹೆಸರು, ವಿಳಾಸ ಮತ್ತು ಬೆಳೆಯಲಿರುವ ಬೆಳೆಯ ವಿವರ ಬರೆದ ಚೀಟಿಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಕೊಳವೆ ಬಾವಿ ನೀರು ಬಳಸುವವರು ನೀರಿನ ಪರೀಕ್ಷೆಯ ಬಗ್ಗೆಯೂ ವಿಚಾರಿಸುವುದು.

ಸಸಿ ಮತ್ತು ಸಲಹೆ: ತೋಟಗಾರಿಕೆ ಇಲಾಖೆಯ ತಾಲ್ಲೂಕು ಮಟ್ಟದ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು. ಕುರುಗೋಡು ಭಾಗದವರು ತಮ್ಮ ಗ್ರಾಮವು ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು. ಸಸಿಗಳ ಲಭ್ಯತೆ, ದರ ಮತ್ತು ಅಗತ್ಯ ದಾಖಲೆಗಳನ್ನು ಮೇ ತಿಂಗಳಿನಲ್ಲಿಯೇ ವಿಚಾರಿಸಿದರೆ ಜೂನ್ ಮಳೆಗೆ ಸಸಿ ಕೈಸೇರುತ್ತದೆ. ತಾಂತ್ರಿಕ ಸಲಹೆಗೆ ಹಗರಿಯ ಕೃಷಿ ವಿಜ್ಞಾನ ಕೇಂದ್ರ ಹಾಗೂ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳನ್ನೂ ಸಂಪರ್ಕಿಸಬಹುದು.

ಹೊಸದಾಗಿ ಆರಂಭಿಸುವವರು ಮೊದಲ ವರ್ಷ ಎರಡು ಮಡಿಗಳಿಗೆ ಮಿತಿಗೊಳಿಸಿಕೊಂಡು, ಅವು ಒಂದು ಬೇಸಿಗೆಯನ್ನು ದಾಟಿದ ನಂತರ ವಿಸ್ತರಿಸುವುದು ಒಳಿತು.