ಊರಿಗೆ ಮೂರೇ ಗಂಟೆ?

ಮಸ್ಕತ್ತಿನಿಂದ ಮಂಗಳೂರಿಗೆ ಮೂರೇ ಗಂಟೆ, ಊಟ ಮಾಡಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಎಂದು ನಾವೆಲ್ಲ ಹೇಳಿಕೊಳ್ಳುವುದುಂಟು. ಮಾತು ಸುಳ್ಳಲ್ಲ. ಆದರೆ ರಾತ್ರಿ ಊರಿನಿಂದ ಫೋನು ಬಂದು, ಅಮ್ಮನಿಗೆ ಹುಷಾರಿಲ್ಲ, ಕೂಡಲೇ ಹೊರಡಿ ಎಂದಾಗ ಈ ಲೆಕ್ಕ ಕೈಕೊಡುತ್ತದೆ. ನಮ್ಮ ಕುಟುಂಬಗಳಿಗೆ ಉಪಯೋಗವಾಗಲೆಂದು ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ದೂರ. ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಸಿಗುವುದೇ ಅತಿ ಹತ್ತಿರದ ದಾರಿ. ಹೀಗೆ ಅಳೆದರೆ ಮಸ್ಕತ್ತಿನಿಂದ ಮಂಗಳೂರು ಸುಮಾರು 2,110 ಕಿ.ಮೀ., ಬೆಂಗಳೂರು 2,350, ಮುಂಬಯಿ 1,590. ವಿಮಾನಗಳು ನಿಗದಿತ ಮಾರ್ಗಗಳಲ್ಲಿ ಸಾಗುವುದರಿಂದ ನಿಜವಾದ ಹಾರಾಟ ಇದಕ್ಕಿಂತ ತುಸು ಹೆಚ್ಚು.

ಗಂಟೆಗೆ 840 ಕಿ.ಮೀ. ವೇಗವೆಂದುಕೊಂಡರೆ ಮಂಗಳೂರಿಗೆ ಎರಡೂವರೆ ಗಂಟೆ ಸಾಕು. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಸೇರಿ ಮೂರು ಗಂಟೆಯ ಹತ್ತಿರ ಬರುತ್ತದೆ. ಗಾಳಿಗೂ ಇದರಲ್ಲಿ ಪಾಲಿದೆ. ಗಂಟೆಗೆ 50 ಕಿ.ಮೀ.ನಷ್ಟು ಗಾಳಿ ಹಿಂದಿನಿಂದ ತಳ್ಳುವುದಕ್ಕೂ ಎದುರಿನಿಂದ ತಡೆಯುವುದಕ್ಕೂ ಹದಿನೆಂಟು ನಿಮಿಷದ ವ್ಯತ್ಯಾಸ. ಚಳಿಗಾಲದಲ್ಲಿ ಒಮಾನಿನ ಮೇಲೆ ಎತ್ತರದ ಗಾಳಿ ಪಶ್ಚಿಮದಿಂದ ಬೀಸಿ ಊರಿಗೆ ಹೋಗುವವರಿಗೆ ಅನುಕೂಲ ಮಾಡುತ್ತದೆ. ಮಳೆಗಾಲದಲ್ಲಿ ಮಾತ್ರ ಒಂದು ವಿಚಿತ್ರ: ಕೆಳಗೆ ಮುಂಗಾರು ನೈಋತ್ಯದಿಂದ ಬೀಸುತ್ತಿದ್ದರೂ ದಕ್ಷಿಣ ಭಾರತದ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಗಾಳಿ ಪೂರ್ವದಿಂದ ಬರುತ್ತದೆ!

ಇನ್ನು ಗಡಿಯಾರ. ಭಾರತ ನಮಗಿಂತ ಒಂದೂವರೆ ಗಂಟೆ ಮುಂದೆ. ರಾತ್ರಿ 11ಕ್ಕೆ ಇಲ್ಲಿಂದ ಹೊರಟರೆ ಅಲ್ಲಿ ಇಳಿಯುವಾಗ 3.30. ಬೆಳಿಗ್ಗೆ 5ಕ್ಕೆ ಅಲ್ಲಿಂದ ಹೊರಟರೆ ಇಲ್ಲಿ 6.30. ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವೇ ಇರುವುದರಿಂದ ಹೋಗುವಾಗ ನಾಲ್ಕೂವರೆ, ಬರುವಾಗ ಒಂದೂವರೆ ಗಂಟೆ ಎಂದು ಕಾಣುತ್ತದೆ. ಅಂತ್ಯಕ್ರಿಯೆಗೆ ಯಾರಾದರೂ ಕಾಯುತ್ತಿದ್ದರೆ ತಲುಪುವ ವೇಳೆಯನ್ನು ಭಾರತದ ಗಡಿಯಾರದಲ್ಲೇ ತಿಳಿಸಬೇಕು. ಅಂಥ ಹೊತ್ತಿನಲ್ಲಿ ಒಂದೂವರೆ ಗಂಟೆಯ ಗೊಂದಲ ಸಣ್ಣದಲ್ಲ.

ಆ ದಿನ ನೇರ ವಿಮಾನ ಸಿಗದೆ ಮುಂಬಯಿ ಮೂಲಕ ಹೋಗಬೇಕಾದರೆ? ಮುಂಬಯಿಯಿಂದ ಮಂಗಳೂರು ಸುಮಾರು 715 ಕಿ.ಮೀ. ಒಟ್ಟು ದೂರ 2,305, ಅಂದರೆ ಹೆಚ್ಚಾದದ್ದು ಬರೀ 195 ಕಿ.ಮೀ. ಸಮಯ ಮಾತ್ರ ಎರಡು ಪಟ್ಟಿಗೂ ಮೀರುತ್ತದೆ. ಭಾರತದಲ್ಲಿ ಮೊದಲು ಇಳಿದಲ್ಲೇ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಮುಗಿಸಿ, ಸಾಮಾನು ತೆಗೆದುಕೊಂಡು ಮತ್ತೆ ಕೊಡಬೇಕು. ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಹೊಸ ಟಿಕೆಟ್ಟಿನ ಖರ್ಚು ನಮ್ಮದೇ. ತುರ್ತಿನಲ್ಲಿ ಕೈಚೀಲವೊಂದೇ ಸಾಕು. ಊರಿನಲ್ಲಿ ಬಟ್ಟೆ ಸಿಗುತ್ತದೆ.

ಸಲಾಲಾದಲ್ಲಿರುವವರ ಲೆಕ್ಕ ಇನ್ನೂ ಬೇರೆ. ಅಲ್ಲಿಂದ ಮಂಗಳೂರು ನೇರವಾಗಿ ಸುಮಾರು 2,280 ಕಿ.ಮೀ.; ಮಸ್ಕತ್ತಿಗೆ ಬಂದು ಹೋದರೆ 2,960. ಬೀದರಿನವರು ಟಿಕೆಟ್ ಹುಡುಕುವಾಗ ಬೆಂಗಳೂರೆಂದು ಬರೆಯುವ ಮೊದಲು ಹೈದರಾಬಾದನ್ನು ನೋಡಲಿ. ಬೆಂಗಳೂರಿನಿಂದ ಬೀದರಿಗೆ ರಸ್ತೆಯಲ್ಲಿ ಇಡೀ ರಾತ್ರಿ ಬೇಕು, ಹೈದರಾಬಾದಿನಿಂದ ಮೂರು ಗಂಟೆ ಸಾಕು.