ಮುಚ್ಚಲು ಎಲ್ಲರಿಗೂ ಬರುತ್ತದೆ, ತೆರೆಯಲು?

ಪ್ರಶ್ನೆ: ನ್ಯಾಯಬೆಲೆ ಅಂಗಡಿಯಲ್ಲಿ ಒತ್ತಿದ ಬೆರಳಚ್ಚು ದಾರಿಯಲ್ಲಿ ಕಳವಾಗುವುದಿಲ್ಲವೇ? (ಓದುಗರು, ಮೈಸೂರು)

ಉತ್ತರ: ರಾಜ್ಯದಲ್ಲಿ 2010ರಲ್ಲಿ ಆಧಾರ್ ಪ್ರಯೋಗ ನಡೆದದ್ದೇ ಮೈಸೂರು, ತುಮಕೂರು ಜಿಲ್ಲೆಗಳಲ್ಲಿ, ಹಾಗಾಗಿ ಇದು ನೀವು ಕೇಳಲೇಬೇಕಾದ ಪ್ರಶ್ನೆ. ಯಂತ್ರವು ಬೆರಳಚ್ಚನ್ನು ಆ ಕ್ಷಣಕ್ಕೆಂದೇ ಹುಟ್ಟಿಸಿದ ಕೀಲಿಯಿಂದ ಗೂಢಲಿಪಿಯಾಗಿಸಿ, ಆ ಕೀಲಿಯನ್ನು ಆಧಾರ್ ಪ್ರಾಧಿಕಾರದ 2048 ಬಿಟ್‌ಗಳ ಸಾರ್ವಜನಿಕ ಕೀಲಿಯಿಂದ ಮುಚ್ಚುತ್ತದೆ. ಇದು 1977ರ ಆರ್‌ಎಸ್‌ಎ ವಿಧಾನ. ಎರಡು ಬೃಹತ್ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಬಹಿರಂಗ. ಆ ಎರಡು ಸಂಖ್ಯೆಗಳು ಮಾತ್ರ ಗುಟ್ಟು. ಗುಟ್ಟು ಬಲ್ಲವರಿಗಷ್ಟೇ ಲೆಕ್ಕ ಹಿಂದಕ್ಕೆ ಬರುತ್ತದೆ.

ಇಷ್ಟೇ ಸಾಲದು. ಸಂದೇಶ ಬರೀ ‘ಹೌದು’ ಅಥವಾ ‘ಇಲ್ಲ’ ಆಗಿದ್ದರೆ? ಕಳ್ಳ ಎರಡನ್ನೂ ಅದೇ ಸಾರ್ವಜನಿಕ ಕೀಲಿಯಿಂದ ಮುಚ್ಚಿ, ಹೋಲಿಸಿ ನೋಡಿದರೆ ಮುಗಿಯಿತು! ಆದ್ದರಿಂದ ಪ್ರತಿ ಸಲವೂ ಹೊಸ ಯಾದೃಚ್ಛಿಕ ಅಂಕಿಗಳನ್ನು ಬೆರೆಸಲೇಬೇಕು. 1982ರಲ್ಲಿ ಗೂಢಲಿಪಿ ತಜ್ಞರಾದ ಗೋಲ್ಡ್‌ವಾಸರ್ ಮತ್ತು ಮಿಕಾಲಿ ಕೊಟ್ಟ ಈ ವಿಚಾರವೇ ನಿಜವಾದ ಭದ್ರತೆಯ ಬುನಾದಿ.

ಒಂದು ವಿನಂತಿ: ಮೊಬೈಲ್‌ಗೆ ಬರುವ ಆಧಾರ್ ಒಟಿಪಿಯನ್ನು ನೀವೇ ಬಾಯಿಬಿಟ್ಟು ಹೇಳಿದರೆ ಯಾವ ಗೂಢಲಿಪಿಯೂ ಕಾಪಾಡದು, ಯಾರಿಗೂ ಹೇಳಬೇಡಿ.