ನಾಯಿಯ ಮೂತ್ರ ಪರೀಕ್ಷೆ: ಬಣ್ಣದ ಪಟ್ಟಿಯನ್ನು ಎಷ್ಟು ನಂಬಬಹುದು?

ಮೆಡಿಕಲ್ ಶಾಪಿನಿಂದ ಡಿಪ್‌ಸ್ಟಿಕ್ ತಂದು, ಮನೆಯಲ್ಲೇ ನಾಯಿಯ ಮೂತ್ರದಲ್ಲಿ ಅದ್ದಿ, ಫೋಟೊವನ್ನು ವೈದ್ಯರಿಗೆ ವಾಟ್ಸ್‌ಆ್ಯಪ್ ಮಾಡುವವರಿದ್ದಾರೆ. ಕಳಿಸುವುದರಲ್ಲಿ ತಪ್ಪಿಲ್ಲ. ಅಷ್ಟನ್ನೇ ನಂಬಿ ಮಾತ್ರೆ ಶುರು ಮಾಡುವುದು ತಪ್ಪು.

ತಪ್ಪು ಕಲ್ಪನೆ: ಮನುಷ್ಯರ ಪಟ್ಟಿ ನಾಯಿಗೂ ಸರಿಹೋಗುತ್ತದೆ.

ವಾಸ್ತವ: ಅರ್ಧ ಸರಿಹೋಗುತ್ತದೆ. ಸಕ್ಕರೆ, ಕೀಟೋನ್ ಚೌಕಗಳು ಉಪಯೋಗಕ್ಕೆ ಬರುತ್ತವೆ. ಬಿಳಿ ರಕ್ತಕಣ ಮತ್ತು ನೈಟ್ರೈಟ್ ಚೌಕಗಳು ಮಾತ್ರ ಸೋಂಕಿದ್ದರೂ ಬಣ್ಣ ತಿರುಗದೆ ಸುಮ್ಮನಿರುವುದುಂಟು. ಸಾಂದ್ರತೆಯ ಚೌಕವನ್ನು ನೋಡಲೇಬೇಡಿ. ಅದಕ್ಕೆ ರಿಫ್ರಾಕ್ಟೋಮೀಟರ್ ಇದೆ, ಒಂದೆರಡು ಹನಿ ಸಾಕು. ಮೈಯಲ್ಲಿ ನೀರು ಕಡಿಮೆಯಾಗಿರುವ ನಾಯಿಯ ಸಾಂದ್ರತೆ 1.030 ದಾಟಬೇಕು, 1.008–1.012ರ ನಡುವೆಯೇ ನಿಂತಿದ್ದರೆ ಮೂತ್ರಪಿಂಡದ ಮೇಲೆ ಅನುಮಾನ ಬರಬೇಕು. ಇನ್ನು ಬಿಲಿರುಬಿನ್. ಗಟ್ಟಿ ಮೂತ್ರದಲ್ಲಿ, ಅದರಲ್ಲೂ ಗಂಡುನಾಯಿಯಲ್ಲಿ, ಒಂದು ಪ್ಲಸ್ ಬಂದರೆ ಸಹಜ. ಮನುಷ್ಯರ ರಿಪೋರ್ಟ್ ಓದಿ ಅಭ್ಯಾಸವಾದವರು ಇದನ್ನೇ ಕಾಮಾಲೆ ಎಂದು ಹೆದರುತ್ತಾರೆ. ಬೆಕ್ಕಿನಲ್ಲಿ ಬಂದರೆ ಹೆದರಬೇಕಾದ್ದೇ.

ತಪ್ಪು ಕಲ್ಪನೆ: ಮೂತ್ರ ಕೆಂಪಾದರೆ ಒಳಗೆಲ್ಲೋ ಗಾಯವಾಗಿ ರಕ್ತ ಸೋರುತ್ತಿದೆ.

ವಾಸ್ತವ: ಪಟ್ಟಿಯ 'ರಕ್ತ' ಚೌಕಕ್ಕೆ ಇಡೀ ಕೆಂಪು ಕಣಗಳಿಗೂ, ಒಡೆದ ಕಣದಿಂದ ಹೊರಬಂದ ಹಿಮೋಗ್ಲೋಬಿನ್‌ಗೂ, ಸ್ನಾಯುವಿನ ಮಯೋಗ್ಲೋಬಿನ್‌ಗೂ ವ್ಯತ್ಯಾಸ ತಿಳಿಯದು. ಆ ವ್ಯತ್ಯಾಸವನ್ನು ಬಿಡಿಸುವುದು ಸೆಂಟ್ರಿಫ್ಯೂಜ್. ತಿರುಗಿಸಿದ ಮೇಲೆ ಕೆಂಪೆಲ್ಲ ತಳಕ್ಕೆ ಕೂತು ಮೇಲೆ ತಿಳಿಯಾದರೆ ಅದು ರಕ್ತಸ್ರಾವ: ಕಲ್ಲು, ಸೋಂಕು, ಗಡ್ಡೆ ಹುಡುಕಬೇಕು. ಕೆಂಪು ತಿಳಿಯಾಗದೆ ಹಾಗೇ ಉಳಿದರೆ ನಾಯಿಯ ರಕ್ತ ತೆಗೆದು ಪ್ಲಾಸ್ಮಾದ ಬಣ್ಣ ನೋಡಬೇಕು. ಅದೂ ಕೆಂಪಗಿದ್ದರೆ ರಕ್ತನಾಳದೊಳಗೇ ಕಣಗಳು ಒಡೆಯುತ್ತಿವೆ ಎಂದರ್ಥ. ಉಣ್ಣಿಯಿಂದ ಹರಡುವ ಬೆಬೀಸಿಯಾ ಮಾಡುವುದು ಇದನ್ನೇ. ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಅದರ ಗುರುತು. ಪ್ಲಾಸ್ಮಾ ತಿಳಿಯಾಗಿದ್ದರೆ ಸ್ನಾಯು ಹಾನಿಯತ್ತ ನೋಡಬೇಕು, ಉದಾಹರಣೆಗೆ ಬಹಳ ಹೊತ್ತು ಫಿಟ್ಸ್ ಬಂದ ನಾಯಿ. ಮೂರಕ್ಕೂ ಪಟ್ಟಿಯ ಮೇಲೆ ಬರುವುದು ಹೆಚ್ಚುಕಡಿಮೆ ಒಂದೇ ಹಸಿರು. ಚಿಕಿತ್ಸೆ ಮಾತ್ರ ಬೇರೆ ಬೇರೆ.

ತಪ್ಪು ಕಲ್ಪನೆ: ಹರಳು ಕಂಡರೆ ಕಲ್ಲು ಇದ್ದೇ ಇದೆ.

ವಾಸ್ತವ: ಆರೋಗ್ಯವಾಗಿರುವ ನಾಯಿಯ ಮೂತ್ರದಲ್ಲೂ ಸ್ಟ್ರುವೈಟ್ ಹರಳು ಸಿಗುತ್ತದೆ. ಫ್ರಿಜ್ಜಿನಲ್ಲಿಟ್ಟ ಮೂತ್ರದಲ್ಲಿ ಹರಳು ಆಮೇಲೆ ಹುಟ್ಟಿಕೊಳ್ಳುವುದೂ ಉಂಟು. ಹಾಗಾಗಿ ಹಿಡಿದ ಒಂದು ಗಂಟೆಯೊಳಗೆ ನೋಡಿದರೆ ಒಳ್ಳೆಯದು. ಆಗದಿದ್ದರೆ ಫ್ರಿಜ್ಜಿನಲ್ಲಿಟ್ಟು, ಪರೀಕ್ಷೆಗೆ ಮುನ್ನ ತಣುಪು ಆರಲು ಬಿಡಬೇಕು. ಕಲ್ಲಿದೆಯೇ ಎಂದು ಹೇಳುವುದು ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್. ಬ್ಲೀಚ್ ಹಾಕಿ ತೊಳೆದ ಡಬ್ಬಿಯಲ್ಲಿ ತರಬೇಡಿ, ಇಲ್ಲದ ಸಕ್ಕರೆ ಕಾಣಿಸೀತು.

ತಪ್ಪು ಕಲ್ಪನೆ: ಹೊಟ್ಟೆಗೆ ಸೂಜಿ ಚುಚ್ಚಿ ಮೂತ್ರ ತೆಗೆಯುವುದು ಹಿಂಸೆ.

ವಾಸ್ತವ: ಸಣ್ಣ ಸೂಜಿ, ಕೆಲವೇ ಸೆಕೆಂಡುಗಳ ಕೆಲಸ; ಸಾಮಾನ್ಯವಾಗಿ ಅರಿವಳಿಕೆಯೂ ಬೇಕಿಲ್ಲ. ಕಲ್ಚರ್‌ಗೆ ಇದೇ ಅತ್ಯುತ್ತಮ, ಏಕೆಂದರೆ ಚರ್ಮದ ಮತ್ತು ಮೂತ್ರನಾಳದ ಬ್ಯಾಕ್ಟೀರಿಯಾ ಬೆರೆಯುವುದಿಲ್ಲ. ಮೂತ್ರಕೋಶದ ಕ್ಯಾನ್ಸರ್ ಅನುಮಾನವಿದ್ದರೆ, ಪ್ಲೇಟ್‌ಲೆಟ್ ತೀರಾ ಇಳಿದಿದ್ದರೆ ಮಾಡುವುದಿಲ್ಲ. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದರೂ ನಾಯಿಗೆ ಉರಿ, ಪದೇ ಪದೇ ಹೋಗುವುದು, ತಿಣುಕುವುದು ಇಲ್ಲದಿದ್ದರೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಕಾಗದು.

ತಪ್ಪು ಕಲ್ಪನೆ: ಪ್ರೆಗ್ನೆನ್ಸಿ ಕಿಟ್ ಹೆಣ್ಣುನಾಯಿಗೂ ಆಗುತ್ತದೆ.

ವಾಸ್ತವ: ಆಗದು. ಆ ಕಿಟ್ ಹುಡುಕುವ ಎಚ್‌ಸಿಜಿ ಹಾರ್ಮೋನು ನಾಯಿಯಲ್ಲಿ ಇಲ್ಲ. ದುಡ್ಡು ದಂಡ.

ಮೂತ್ರ ಹಿಡಿಯಲು ಹೋಗುವಾಗ ಕೈಗವಸು ಹಾಕಿಕೊಳ್ಳಿ. ಇಲಿಜ್ವರ ತರುವ ಲೆಪ್ಟೊಸ್ಪೈರಾ ನಾಯಿಯ ಮೂತ್ರದಿಂದ ಮನುಷ್ಯರಿಗೂ ಅಂಟುತ್ತದೆ, ಯಾವ ಬಣ್ಣದ ಪಟ್ಟಿಯೂ ಅದನ್ನು ತೋರಿಸುವುದಿಲ್ಲ.